ಪರವಾಗಿಲ್ಲ ಅಂದ್ರೆ ಎಷ್ಟು ಸ್ಟಾರು?

ರಾತ್ರಿ ಹನ್ನೊಂದು ಮುಕ್ಕಾಲಿಗೆ ಸಿನಿಮಾ ನೋಡಿ ಬಂದ ಗೆಳೆಯನಿಂದ ಒಂದು ವಾಯ್ಸ್ ನೋಟ್ ಬಂತು, ನಾಲ್ಕೇ ನಾಲ್ಕು ಸೆಕೆಂಡು. ಅದ್ರಲ್ಲಿ ಎರಡು ಸೆಕೆಂಡು ಬೈಕ್ ಸ್ಟಾರ್ಟ್ ಮಾಡೋ ಸೌಂಡು, ಆಮೇಲೆ "ಪರವಾಗಿಲ್ಲ ಮಗಾ". ಮುಗೀತು. ಬೇರೆ ಯಾರಾದ್ರೂ ಆಗಿದ್ರೆ ಓಹೋ ಸಿನಿಮಾ ಸುಮಾರಾಗಿದೆ ಅನ್ಕೊಂಡು ಮಲಗಿರೋರು, ನಾನು ಮಾತ್ರ ಎದ್ದು ಕೂತು ಮಾರನೇ ದಿನದ ಮಾರ್ನಿಂಗ್ ಶೋಗೆ ಟಿಕೆಟ್ ಬುಕ್ ಮಾಡ್ದೆ. ಯಾಕಂದ್ರೆ ಇವನ ಬಾಯಲ್ಲಿ "ಪರವಾಗಿಲ್ಲ" ಬರೋದೇ ವರ್ಷಕ್ಕೆ ಎರಡೋ ಮೂರೋ ಸಲ. ಮಿಕ್ಕಿದ್ದಕ್ಕೆಲ್ಲ "ಹ್ಞೂಂ" ಅಂತಾನೆ, ತೀರಾ ಕೆಟ್ಟದಾಗಿದ್ರೆ ಕ್ಯಾಮೆರಾ ಚೆನ್ನಾಗಿದೆ ಅಂತಾನೆ.

ನಾವು ಐದು ಜನ ಇದ್ದೀವಿ, ಹೊಸ ಸಿನಿಮಾ ಬಂದ ವಾರ ಒಬ್ರಿಗೊಬ್ರು ರಿವ್ಯೂ ಹೇಳ್ಕೊಳೋದೇ ಕೆಲಸ. ರಿವ್ಯೂ ಅಂದ್ರೆ ದೊಡ್ಡ ಮಾತಾಯ್ತು, ಹರಟೆ ಅನ್ನಿ. ಪರವಾಗಿಲ್ಲ ಗಿರಾಕಿ ಬಗ್ಗೆ ಹೇಳ್ದೆ. ಇನ್ನೊಬ್ನಿಗೆ ನಾವಿಟ್ಟಿರೋ ಹೆಸ್ರು ಫಸ್ಟ್ ಹಾಫ್, ಅವನಿಗೆ ಯಾವ ಸಿನಿಮಾ ಆದ್ರೂ ಫಸ್ಟ್ ಹಾಫ್ ಸೂಪರ್ರು ಸೆಕೆಂಡ್ ಹಾಫ್ ಲ್ಯಾಗು, ಮೂರೂವರೆ ಗಂಟೆ ಸಿನಿಮಾಗೂ ಅದೇ ಮಾತು ಒಂದೂಮುಕ್ಕಾಲು ಗಂಟೆ ಸಿನಿಮಾಗೂ ಅದೇ ಮಾತು. ಮೂರನೆಯವ್ನು ವಿಡಿಯೋ ಎಡಿಟಿಂಗ್ ಮಾಡೋನು, ಕಥೆ ಏನು ಅಂತ ಕೇಳಿದ್ರೆ ತಡವರಿಸ್ತಾನೆ, ಯಾವ ಸೀನ್ ಹತ್ತು ಸೆಕೆಂಡ್ ಮೊದ್ಲೇ ಕಟ್ ಆಗ್ಬೇಕಿತ್ತು ಅಂತ ಮಾತ್ರ ಕರೆಕ್ಟಾಗಿ ಹೇಳ್ತಾನೆ. ನಾಲ್ಕನೆಯವರು ಅಕ್ಕ, ನಮ್ಮೆಲ್ರಿಗಿಂತ ದೊಡ್ಡೋರು, ಅವ್ರಿಗೆ ಪಾತ್ರಗಳ ಮೇಲೆ ಕೋಪ ಬರುತ್ತೆ, ಡೈರೆಕ್ಟ್ರ ಮೇಲಲ್ಲ. "ಆ ಹುಡುಗಿ ಅವತ್ತು ಆ ಫೋನ್ ಎತ್ತಿದ್ದಿದ್ರೆ ಇಷ್ಟೆಲ್ಲಾ ಆಗ್ತಿತ್ತೇನೋ?" ಅಂತ ನಮ್ಮನ್ನ ಬೈತಾರೆ, ನಾವೇ ಸ್ಕ್ರಿಪ್ಟ್ ಬರ್ದಿದೀವೇನೋ ಅನ್ನೋ ಥರ. ಐದನೆಯವ್ನು ನಾನು, ನನ್ನ ರೋಗ ಏನಂದ್ರೆ ಇಷ್ಟ ಆದ್ರೆ ಸಿಕ್ಕಾಪಟ್ಟೆ ಹೊಗಳಿ ಹೊಗಳಿ ಕೇಳೋರಿಗೆ ಸಿನಿಮಾ ನೋಡೋಕ್ ಮುಂಚೆನೇ ಸುಸ್ತು ಮಾಡ್ಬಿಡ್ತೀನಿ.

ಈ ಐದು ಜನರ ಮಾತು ಕೇಳಿ ಸಿನಿಮಾ ಆರಿಸ್ಕೊಂಡಷ್ಟು ಸರಿಯಾಗಿ ಯಾವ ವೆಬ್‌ಸೈಟ್ ರೇಟಿಂಗ್ ನೋಡಿನೂ ಆರಿಸ್ಕೊಂಡಿಲ್ಲ ನಾನು. ರಾಟನ್ ಟೊಮೇಟೋಸ್ ವಿಷ್ಯನೇ ತಗೊಳಿ, ಅಲ್ಲಿ 95 ಪರ್ಸೆಂಟ್ ಅಂತ ಇದ್ರೆ ಸಿನಿಮಾಗೆ ನೂರಕ್ಕೆ 95 ಮಾರ್ಕ್ಸ್ ಬಂದಿದೆ ಅಂತ ತುಂಬಾ ಜನ ಅನ್ಕೋತಾರೆ, ನಾನೂ ಬಹಳ ವರ್ಷ ಹಂಗೇ ಅನ್ಕೊಂಡಿದ್ದೆ. ಅದು ಹಂಗಲ್ಲ. ನೂರು ಜನ ವಿಮರ್ಶಕರಲ್ಲಿ 95 ಜನ "ನೋಡ್ಬೋದು" ಅನ್ನೋ ಕಡೆ ಕೈ ಎತ್ತಿದಾರೆ ಅಂತಷ್ಟೇ ಅರ್ಥ. ಅಂದ್ರೆ ಎಲ್ರಿಗೂ ಒಂಚೂರು ಒಂಚೂರು ಇಷ್ಟ ಆಗಿರೋ ಸಾಧಾರಣ ಸಿನಿಮಾಗೆ 95 ಬರ್ಬೋದು, ಅರ್ಧ ಜನ ತಲೆ ಮೇಲೆ ಹೊತ್ಕೊಂಡು ಅರ್ಧ ಜನ ಥೂ ಅಂದಿರೋ ಸಿನಿಮಾಗೆ 50 ಬರುತ್ತೆ, 60ರ ಕೆಳಗೆ ಹೋಯ್ತು ಅಂದ್ರೆ ಕೊಳೆತ ಟೊಮೇಟೊ ಅಂತ ಹಸಿರು ಗುರುತು ಬೇರೆ ಹಾಕ್ತಾರೆ. ನನಗೆ ಜೀವಮಾನಕ್ಕೆ ನೆನಪಿರೋ ಸಿನಿಮಾಗಳಲ್ಲಿ ಸುಮಾರು ಆ ಎರಡನೇ ಜಾತಿವೇ.

ಸರಿ, ಕಳೆದ ವರ್ಷದ ಹರಟೆಗಳಿಂದ ನೆನಪಲ್ಲಿ ಉಳಿದಿರೋದು ಹೇಳ್ತೀನಿ.

2025ರ ಜುಲೈ 25ಕ್ಕೆ ಸು ಫ್ರಮ್ ಸೋ ಬಂತಲ್ಲ, ಜೆ.ಪಿ. ತುಮಿನಾಡು ನಿರ್ದೇಶನದ್ದು. ಅದು ಬಂದಾಗ ಟೈಟಲ್ ನೋಡಿ ನಾವ್ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ, ಸೋಮೇಶ್ವರದ ಸುಲೋಚನಾ ಅನ್ನೋದನ್ನ ಕತ್ತರಿಸಿ ಸು ಫ್ರಮ್ ಸೋ ಮಾಡಿದಾರೆ ಅಂತನೂ ಗೊತ್ತಿರ್ಲಿಲ್ಲ. ಮೊದ್ಲು ನೋಡಿದ್ದು ಅಕ್ಕ. ಹೊರಗೆ ಬಂದು ಫೋನ್ ಮಾಡಿದ್ರು, ಮಾತೇ ಆಡ್ಲಿಲ್ಲ, ನಗ್ತಾನೇ ಇದ್ರು. ಒಂದು ನಿಮಿಷ ಬರೀ ನಗು, ಆಮೇಲೆ "ಆ ರವಿಯಣ್ಣ..." ಅಂದು ಮತ್ತೆ ನಗು, ಕಟ್. ಇದಕ್ಕಿಂತ ಒಳ್ಳೆ ರಿವ್ಯೂ ನಾನು ಎಲ್ಲೂ ಓದಿಲ್ಲ. ನಾವು ನಾಲ್ಕು ಜನನೂ ಎರಡು ದಿನದೊಳಗೆ ನೋಡಿದ್ವಿ. ದೊಡ್ಡ ಸ್ಟಾರ್ ಇಲ್ಲ, ಭಾರಿ ಪ್ರಚಾರ ಇಲ್ಲ, ಬಾಯಿಂದ ಬಾಯಿಗೆ ಹರಡಿ ಅಷ್ಟು ದೊಡ್ಡ ಹಿಟ್ ಆಯ್ತು ಅಂದ್ರೆ ಇಂಥ ನಗುವ ಫೋನ್‌ಗಳು ಎಷ್ಟು ಸಾವಿರ ಹೋಗಿರ್ಬೇಕು ಲೆಕ್ಕ ಹಾಕಿ. ಒಂದೇ ತಕರಾರು ಅಂದ್ರೆ ಕೊನೇಲಿ ಸ್ವಲ್ಪ ಸೀರಿಯಸ್ ಆಗೋ ಕಡೆ ಕಥೆ ದಡಬಡ ಅಂತ ಓಡುತ್ತೆ. ಫಸ್ಟ್ ಹಾಫ್ ಏನಂದ ಅಂತ ಕೇಳ್ಬೇಡಿ, ನಿಮಗೇ ಗೊತ್ತು.

ವೆಪನ್ಸ್ ಅನ್ನೋ ಇಂಗ್ಲಿಷ್ ಹಾರರ್ ಸಿನಿಮಾ ಬಂದಾಗ ಜಗಳ ಆಯ್ತು. ರಾತ್ರಿ 2 ಗಂಟೆ 17 ನಿಮಿಷಕ್ಕೆ ಒಂದೇ ಕ್ಲಾಸಿನ 17 ಮಕ್ಕಳು ಮನೆ ಬಾಗ್ಲು ತೆಗ್ದು ಕತ್ತಲಲ್ಲಿ ಓಡಿ ಹೋಗ್ತಾರೆ, ಒಬ್ಬ ಹುಡುಗ ಮಾತ್ರ ಉಳೀತಾನೆ, ಅಲ್ಲಿಂದ ಶುರು. ಟೀಚರ್ ಕಡೆಯಿಂದ ಒಂದ್ಸಲ, ಮಗನ್ನ ಕಳ್ಕೊಂಡ ಅಪ್ಪನ ಕಡೆಯಿಂದ ಒಂದ್ಸಲ, ಹಿಂಗೆ ಒಬ್ಬೊಬ್ಬರ ಕಡೆಯಿಂದ ಕಥೆ ಹಿಂದೆ ಮುಂದೆ ಹೋಗ್ತಾ ಇರುತ್ತೆ. ಫಸ್ಟ್ ಹಾಫ್ "ಯಾಕ್ ಗುರು ಹೇಳಿದ್ದನ್ನೇ ಹೇಳ್ತಾವ್ನೆ" ಅಂದ. ಆಗ ಎಡಿಟಿಂಗ್‌ನವ್ನು ಸಿಟ್ಟಾಗಿ "ಲೋ, ಉಳಿದವರು ಕಂಡಂತೆ 2014ರಲ್ಲಿ ಬಂದಾಗ್ಲೂ ನೀನು ಇದೇ ಡೈಲಾಗ್ ಹೊಡ್ದಿದ್ದೆ, ಈಗ ಅದನ್ನ ಕ್ಲಾಸಿಕ್ ಅಂತ ಸ್ಟೇಟಸ್ ಹಾಕ್ತೀಯ" ಅಂದ. ಎಲ್ರೂ ಸೈಲೆಂಟು. ನಿಜ ಕಣ್ರೀ. ಒಂದೇ ಘಟನೆನ ಬೇರೆ ಬೇರೆಯವರ ಕಣ್ಣಿಂದ ಹೇಳೋದು 1950ರ ಜಪಾನೀಸ್ ಸಿನಿಮಾ ರಾಶೋಮಾನ್ ಕಾಲದಿಂದ ಇದೆ, ಆದ್ರೂ ರಕ್ಷಿತ್ ಶೆಟ್ಟಿ ಅದನ್ನ ಕನ್ನಡದಲ್ಲಿ ಮಾಡಿದಾಗ ಅರ್ಥ ಆಗ್ಲಿಲ್ಲ ಅಂತ ಎದ್ದು ಬಂದೋರಲ್ಲಿ ನಾವೂ ಇದ್ವಿ, ಥಿಯೇಟರಿಂದ ಹೋದ್ಮೇಲೆ ಎರಡನೇ ಸಲ ನೋಡಿ ಹುಚ್ಚೆದ್ದೋರಲ್ಲೂ ನಾವೇ ಇದ್ವಿ. ಅಂದ್ರೆ ಸಿನಿಮಾ ಬದಲಾಗ್ಲಿಲ್ಲ, ನಾವು ಲೇಟು.

ಹೋಮ್‌ಬೌಂಡ್ ಬಗ್ಗೆ ಜಾಸ್ತಿ ಮಾತಾಡೋಕಾಗಲ್ಲ ನನಗೆ. ಇಬ್ರು ಸ್ನೇಹಿತರು, ಪೊಲೀಸ್ ಕೆಲಸಕ್ಕೆ ಪರೀಕ್ಷೆ ಬರೀತಾರೆ, ಲಾಕ್‌ಡೌನ್ ಬರುತ್ತೆ. ನೀರಜ್ ಘಾಯ್ವಾನ್ ಮಾಡಿರೋ ಹಿಂದಿ ಸಿನಿಮಾ. ಅಕ್ಕ ನೋಡಿ ಎರಡು ದಿನ ಗುಂಪಲ್ಲಿ ಏನೂ ಬರೀಲಿಲ್ಲ. ನಾನು ನೋಡ್ದಾಗ ಹಾಲ್‌ನಲ್ಲಿ ಹನ್ನೊಂದು ಜನ ಇದ್ವಿ, ಎಣಿಸ್ದೆ.

ಈ ಹನ್ನೊಂದು ಜನ ಅನ್ನೋದೇ ನನಗೆ ತಲೇಲಿ ಕೊರೀತಾ ಇರೋ ವಿಷ್ಯ. ಯಾರೂ ನೋಡ್ದೇ ಹೋದ ಸಿನಿಮಾ ಅಂದ ತಕ್ಷಣ ಅದ್ರಲ್ಲೇ ಏನೋ ಐಬು ಇರ್ಬೇಕು ಅನ್ಸುತ್ತೆ, ಆದ್ರೆ ಎಷ್ಟೋ ಸಲ ಬಂದ ದಿನವೇ ಸರಿ ಇರಲ್ಲ ಅಷ್ಟೇ. 1982ರ ಜೂನ್ 25, ಅಮೆರಿಕದಲ್ಲಿ ಒಂದೇ ದಿನ ಬ್ಲೇಡ್ ರನ್ನರ್ ಮತ್ತು ದಿ ಥಿಂಗ್ ಎರಡೂ ರಿಲೀಸ್. ಅದಕ್ಕೆ ಎರಡು ವಾರ ಮುಂಚೆ ಇ.ಟಿ. ಬಂದು ಊರೆಲ್ಲಾ ಮುದ್ದಾದ ಏಲಿಯನ್ ಮೇಲೆ ಪ್ರೀತಿ ಸುರಿಸ್ತಾ ಕೂತಿತ್ತು, ಅಂಥಾ ಹೊತ್ತಲ್ಲಿ ಒಂದು ಸಿನಿಮಾದಲ್ಲಿ ಕತ್ತಲು ಮಳೆ ಬೇಜಾರು, ಇನ್ನೊಂದ್ರಲ್ಲಿ ಮನುಷ್ಯನ ಒಳಗೇ ಸೇರ್ಕೊಂಡು ಸೀಳ್ಕೊಂಡು ಹೊರಗೆ ಬರೋ ಏಲಿಯನ್. ಯಾರ್ ನೋಡ್ತಾರೆ? ಎರಡೂ ಆಗ ಮಕಾಡೆ ಮಲಗಿದ್ವು, ವಿಮರ್ಶಕರು ದಿ ಥಿಂಗ್‌ನ ಅಂತೂ ಅಸಹ್ಯ ಅಂತ ಬೈದ್ರು. ಇವತ್ತು ಸೈನ್ಸ್ ಫಿಕ್ಷನ್ ಪಟ್ಟಿ ಮಾಡೋಕೆ ಕೂತ್ರೆ ಇವೆರಡನ್ನ ಬಿಟ್ಟು ಮಾಡೋ ಧೈರ್ಯ ಯಾರಿಗೂ ಇಲ್ಲ. 1994ರ ಶಾಶಾಂಕ್ ರಿಡೆಂಪ್ಶನ್ ಕೂಡ ಹಂಗೇ, ಏಳು ಆಸ್ಕರ್ ನಾಮಿನೇಶನ್ ಬಂದು ಒಂದೂ ಸಿಗ್ಲಿಲ್ಲ, ಥಿಯೇಟರಲ್ಲಿ ದುಡ್ಡೂ ಬರ್ಲಿಲ್ಲ, ಆಮೇಲೆ ಕ್ಯಾಸೆಟ್ಟು ಟಿವಿ ಅಂತ ಮನೆಮನೆಗೆ ಹೋಗಿ ಗೆದ್ದಿದ್ದು.

ಈಗ ನನ್ನ ಮೇಲೇ ಇರೋ ಒಂದು ಕೇಸ್ ಹೇಳ್ತೀನಿ. ಪರವಾಗಿಲ್ಲ ಗಿರಾಕಿ ಒಂದ್ಸಲ ಒನ್ ಕಟ್ ಆಫ್ ದಿ ಡೆಡ್ ಅನ್ನೋ ಜಪಾನೀಸ್ ಸಿನಿಮಾ ಕಳಿಸ್ದ, ಏನೂ ಹೇಳ್ಲಿಲ್ಲ, ಪರವಾಗಿಲ್ಲ ಅಂತನೂ ಇಲ್ಲ. ಹಾಕ್ದೆ. ಹಾಳು ಬಿದ್ದಿರೋ ಕಟ್ಟಡದಲ್ಲಿ ಒಂದು ಟೀಮು ಝಾಂಬಿ ಸಿನಿಮಾ ಶೂಟ್ ಮಾಡ್ತಿರುತ್ತೆ, ಅಲ್ಲಿಗೆ ನಿಜವಾದ ಝಾಂಬಿ ಬರ್ತವೆ. ಆಕ್ಟಿಂಗ್ ಕೆಟ್ಟದು, ಮಧ್ಯೆ ಮಧ್ಯೆ ಸುಮ್ನೆ ನಿಂತ್ಕೊಂಡು ಸಂಬಂಧ ಇಲ್ದಿರೋ ಮಾತಾಡ್ತಾರೆ, ಒಂದು ಕಡೆ ಕ್ಯಾಮೆರಾ ನೆಲದ ಮೇಲೆ ಬಿದ್ದು ಹಂಗೇ ಇರುತ್ತೆ, ಯಾರೋ ಎತ್ತೋದು ಮರ್ತು ಹೋದಂಗೆ. ಇಪ್ಪತ್ತೈದು ನಿಮಿಷಕ್ಕೆ ಆಫ್ ಮಾಡಿ ಅವನಿಗೆ ಉದ್ದುದ್ದ ಮೆಸೇಜ್ ಹಾಕ್ದೆ, ನಿನ್ನ ಟೇಸ್ಟ್ ಕೆಟ್ಟೋಗಿದೆ, ಡಾಕ್ಟ್ರಿಗೆ ತೋರಿಸ್ಕೋ ಅಂತೆಲ್ಲಾ. ಅವನ ಉತ್ತರ ಬರೀ "37". ಅಷ್ಟೇ, ಒಂದು ನಂಬರು. ನಾನೂ ಹಠಕ್ಕೆ ಬಿದ್ದು ನಾಲ್ಕು ತಿಂಗಳು ನೋಡ್ಲಿಲ್ಲ.

ಆಮೇಲೆ ಯಾವತ್ತೋ ಜ್ವರ ಬಂದು ಮಲಗಿದ್ದಾಗ ಬೇರೆ ಏನೂ ತೋಚ್ದೆ ಹಾಕ್ದೆ. ಮೊದಲ 37 ನಿಮಿಷ ಒಂದೂ ಕಟ್ ಇಲ್ದೆ ಒಂದೇ ಶಾಟ್, ಅದು ಮುಗಿದ್ಮೇಲೆ ಸಿನಿಮಾ ಶುರು ಆಗುತ್ತೆ. ಅಲ್ಲಿಂದಾಚೆ ಏನಾಗುತ್ತೆ ಅಂತ ನಾನಂತೂ ಹೇಳಲ್ಲ, ಆದ್ರೆ ಆ ಬಿದ್ದಿದ್ದ ಕ್ಯಾಮೆರಾ, ಆ ಸಂಬಂಧ ಇಲ್ದಿರೋ ಮಾತು, ಆ ಕೆಟ್ಟ ಆಕ್ಟಿಂಗು, ನಾನು ಬೈದಿದ್ದೆಲ್ಲಾ ಒಂದೊಂದಾಗಿ ವಾಪಸ್ ಬಂದು ಕೆನ್ನೆಗೆ ಬಾರಿಸ್ತು. ಜ್ವರದಲ್ಲಿ ಬಿದ್ದು ಬಿದ್ದು ನಕ್ಕೆ, ಕೊನೇ ಶಾಟಲ್ಲಿ ಕಣ್ಣಲ್ಲಿ ನೀರೂ ಬಂತು. 30 ಲಕ್ಷ ಯೆನ್‌ನಲ್ಲಿ ಮಾಡಿರೋ ಸಿನಿಮಾ ಅದು, ಜಪಾನಿನ ಸಿನಿಮಾ ಲೆಕ್ಕದಲ್ಲಿ ಅದು ದುಡ್ಡೇ ಅಲ್ಲ, ನಿರ್ದೇಶಕ ಶಿನಿಚಿರೋ ಉಯೆದಾ, ನಟರೆಲ್ಲಾ ಯಾರಿಗೂ ಗೊತ್ತಿಲ್ದಿರೋರು. 2018ರಲ್ಲಿ ಟೋಕಿಯೋದ ಎರಡು ಥಿಯೇಟರಲ್ಲಿ ಶುರುವಾಗಿ ಜನರ ಬಾಯಿಂದಲೇ ನೂರಾರು ಥಿಯೇಟರಿಗೆ ಹೋಯ್ತು. ಅಲ್ಲಿ ಒಬ್ಬೊಬ್ರೂ ತಮ್ಮ ಸ್ನೇಹಿತರಿಗೆ "ಅರ್ಧ ಗಂಟೆ ತಡ್ಕೋ" ಅಂತ ಹೇಳೇ ಕರ್ಕೊಂಡು ಹೋಗಿರ್ಬೇಕು, ಇಲ್ದಿದ್ರೆ ನನ್ನಂಥೋರು ಎದ್ದು ಬರ್ತಿದ್ರು.

ಅವತ್ತಿಂದ ನಮ್ಮಲ್ಲಿ 37 ಅನ್ನೋದು ಒಂದು ಮಾತಾಗ್ಬಿಟ್ಟಿದೆ. ಯಾವುದಾದ್ರೂ ಸಿನಿಮಾ ಲಿಂಕ್ ಜೊತೆ "37 ಇದೆ" ಅಂತ ಬಂದ್ರೆ ಮೊದಲು ಕಷ್ಟ ಆಗುತ್ತೆ ಎದ್ದೇಳ್ಬೇಡ ಅಂತ ಅರ್ಥ. ಈ ಒಂದು ಸಣ್ಣ ಸುಳಿವು ಯಾವ ರೇಟಿಂಗಲ್ಲೂ ಸಿಗಲ್ಲ ನೋಡಿ. ಸಿನಿಮಾ ಚೆನ್ನಾಗಿದೆಯೋ ಇಲ್ವೋ ಅನ್ನೋದಕ್ಕಿಂತ ಅದನ್ನ ಯಾವ ಮೂಡಲ್ಲಿ ಹೆಂಗೆ ನೋಡ್ಬೇಕು ಅನ್ನೋದನ್ನ ನಮ್ಮನ್ನ ಬಲ್ಲೋರು ಮಾತ್ರ ಹೇಳೋಕಾಗೋದು. ನೆಟ್‌ಫ್ಲಿಕ್ಸ್‌ನವ್ರು 2006ರಲ್ಲಿ ಒಂದು ಸ್ಪರ್ಧೆ ಇಟ್ಟಿದ್ರು, ಯಾರಿಗೆ ಯಾವ ಸಿನಿಮಾ ಎಷ್ಟು ಇಷ್ಟ ಆಗುತ್ತೆ ಅಂತ ಊಹೆ ಮಾಡೋದ್ರಲ್ಲಿ ತಮ್ಮ ಸಿಸ್ಟಮ್‌ನ 10 ಪರ್ಸೆಂಟ್ ಸುಧಾರಿಸಿ ಕೊಟ್ಟೋರಿಗೆ 10 ಲಕ್ಷ ಡಾಲರ್. ಮೂರು ವರ್ಷ ಹಿಡೀತು, 2009ರಲ್ಲಿ ಒಂದು ತಂಡ ಗೆಲ್ತು, ಆದ್ರೆ ಆ ಪೂರ್ತಿ ಲೆಕ್ಕಾಚಾರನ ಅವ್ರು ಬಳಸ್ಲೇ ಇಲ್ಲ, ಅಳವಡಿಸೋ ಶ್ರಮಕ್ಕೆ ತಕ್ಕ ಲಾಭ ಇಲ್ಲ ಅಂತ. 2017ರಲ್ಲಿ ಸ್ಟಾರ್ ಕೊಡೋದನ್ನೇ ತೆಗ್ದು ಹೆಬ್ಬೆಟ್ಟು ಮೇಲೆ ಕೆಳಗೆ ಮಾಡಿದ್ರು. ಪರವಾಗಿಲ್ಲ ಗಿರಾಕಿಗೆ ಯಾರೂ ಒಂದು ಡಾಲರ್ ಕೊಟ್ಟಿಲ್ಲ, ಅವನು ಎರಡು ಅಂಕಿ ಟೈಪ್ ಮಾಡಿ ಕೆಲಸ ಮುಗಿಸ್ದ.

ಎಡಿಟಿಂಗ್‌ನವ್ನು ಕೊಟ್ಟಿದ್ರಲ್ಲಿ ಬೆಸ್ಟು ಅಂದ್ರೆ ಕೊಹೆರೆನ್ಸ್, 2013ರದ್ದು. ಎಂಟು ಜನ ಸ್ನೇಹಿತರು ರಾತ್ರಿ ಊಟಕ್ಕೆ ಸೇರಿರ್ತಾರೆ, ಆಕಾಶದಲ್ಲಿ ಧೂಮಕೇತು ಹೋಗ್ತಿರುತ್ತೆ, ಕರೆಂಟ್ ಹೋಗುತ್ತೆ, ಸ್ವಲ್ಪ ದೂರದಲ್ಲಿ ಬೆಳಕಿರೋ ಒಂದೇ ಒಂದು ಮನೆ ಕಾಣುತ್ತೆ, ಆ ಮನೇಲಿ ಯಾರಿದ್ದಾರೆ ಅಂತ ನೋಡೋಕೆ ಹೋಗ್ತಾರೆ. ಇಷ್ಟು ಸಾಕು. ಡೈರೆಕ್ಟರ್ ಜೇಮ್ಸ್ ವಾರ್ಡ್ ಬಿರ್ಕಿಟ್ ತನ್ನ ಸ್ವಂತ ಮನೇಲೇ ಐದು ರಾತ್ರಿಲಿ ಶೂಟ್ ಮಾಡಿ ಮುಗಿಸಿದ್ದು, ನಟರಿಗೆ ಪೂರ್ತಿ ಸ್ಕ್ರಿಪ್ಟೇ ಕೊಟ್ಟಿರ್ಲಿಲ್ಲ, ಅವತ್ತವತ್ತಿಗೆ ಅವ್ರವ್ರ ಪಾತ್ರಕ್ಕೆ ಬೇಕಾದಷ್ಟು ಮಾತ್ರ ಬರ್ದು ಕೊಡ್ತಿದ್ದ, ಮಿಕ್ಕಿದೋರು ಏನ್ ಮಾಡ್ತಾರೆ ಅನ್ನೋದು ಅವ್ರಿಗೂ ಗೊತ್ತಿರ್ತಿರ್ಲಿಲ್ಲ. ಅದಕ್ಕೇ ಅವ್ರ ಮುಖದಲ್ಲಿ ಬರೋ ಗಾಬರಿ ಆಕ್ಟಿಂಗ್ ಥರ ಕಾಣಲ್ಲ. ಸ್ನೇಹಿತರ ಜೊತೆ ಕೂತು ನೋಡಿ, ಮಧ್ಯದಲ್ಲಿ ಪಕ್ಕದವನ ಮೇಲೆ ಅನುಮಾನ ಬರುತ್ತೆ.

ತುಂಬಾಡ್ 2018ರಲ್ಲಿ ಬಂದಾಗ ನಮ್ಮಲ್ಲಿ ಒಬ್ರೂ ನೋಡ್ಲಿಲ್ಲ, ದೆವ್ವದ ಸಿನಿಮಾ ಅಂತ ಬಿಟ್ವಿ, ಆಮೇಲೆ ಲ್ಯಾಪ್‌ಟಾಪಲ್ಲಿ ನೋಡಿ ತಲೆ ಚಚ್ಕೊಂಡ್ವಿ. 2024ರ ಸೆಪ್ಟೆಂಬರಲ್ಲಿ ರೀ ರಿಲೀಸ್ ಆದಾಗ ಐದೂ ಜನ ಒಟ್ಟಿಗೆ ಹೋದ್ವಿ. ಸಿನಿಮಾದಲ್ಲಿ ಸುರೀತಾನೇ ಇರೋ ಆ ಮಳೆ ದೊಡ್ಡ ಪರದೆ ಮೇಲೆ ಬೇರೇನೇ. ಮೊದಲ ಸಲಕ್ಕಿಂತ ಎರಡನೇ ಸಲವೇ ಜಾಸ್ತಿ ಕಲೆಕ್ಷನ್ ಆಯ್ತು ಆ ಸಿನಿಮಾಗೆ, ನಮ್ಮ ಥರ ತಪ್ಪೊಪ್ಪಿಗೆ ಮಾಡ್ಕೊಳೋಕೆ ಬಂದೋರೇ ಇರ್ಬೇಕು ಎಲ್ಲಾ.

ಕನ್ನಡದಲ್ಲಿ ಸದ್ದಿಲ್ದೆ ಬಂದು ಹೋದ ಎರಡನ್ನ ನಾನು ಸಿಕ್ಕಿದೋರಿಗೆಲ್ಲಾ ಹೇಳ್ತಾ ಇದೀನಿ. ಒಂದು ಶಾಖಾಹಾರಿ, 2024ರದ್ದು. ರಂಗಾಯಣ ರಘು ಅಂದ ತಕ್ಷಣ ಕೂಗಾಡೋ ಕಾಮಿಡಿ ನೆನಪಾಗೋರು ಇದನ್ನ ನೋಡ್ಲೇಬೇಕು, ಸಣ್ಣ ಸಸ್ಯಾಹಾರಿ ಹೋಟೆಲ್ ನಡೆಸೋ ಸುಬ್ಬಣ್ಣ, ಒಂಟಿ ಮನುಷ್ಯ, ಒಂದು ರಾತ್ರಿ ಗಾಯ ಆಗಿರೋ ಹುಡುಗ ಒಬ್ಬ ಅವನ ಹತ್ರ ಬಂದು ಬಚ್ಚಿಟ್ಕೋತಾನೆ. ಆ ಸುಬ್ಬಣ್ಣ ತರಕಾರಿ ಹೆಚ್ಚೋ ಕೈ ನೋಡ್ತಾ ನೋಡ್ತಾ ನಮಗೇ ಭಯ ಶುರುವಾಗುತ್ತೆ. ಗೋಪಾಲಕೃಷ್ಣ ದೇಶಪಾಂಡೆ ಪೊಲೀಸು, ಆ ಮನುಷ್ಯನ ಸುಸ್ತು ನೋಡಿದ್ರೆ ನಮಗೇ ಎದ್ದು ಹೋಗಿ ಕುರ್ಚಿ ಹಾಕ್ಬೇಕು ಅನ್ಸುತ್ತೆ. ಇನ್ನೊಂದು ಮಿಥ್ಯ, ಸುಮಂತ್ ಭಟ್ ಮಾಡಿರೋದು, 2025ರ ಮಾರ್ಚಲ್ಲಿ ಥಿಯೇಟರಿಗೆ ಬಂತು. ಅಪ್ಪ ಅಮ್ಮ ಇಬ್ರನ್ನೂ ಕಳ್ಕೊಂಡ ಹುಡುಗ ಚಿಕ್ಕಮ್ಮನ ಮನೆಗೆ ಬಂದು ಇರ್ತಾನೆ. ಅಳೋ ಸಿನಿಮಾ ಅನ್ಕೋಬೇಡಿ, ಆ ಹುಡುಗ ಸುಲಭಕ್ಕೆ ಅಳಲ್ಲ, ಅದೇ ಕಷ್ಟ. ಇದನ್ನ ಅಕ್ಕನಿಗೆ ಹೇಳೋವಾಗ ಎಂದಿನ ಥರ ಅರ್ಧ ಗಂಟೆ ಹೊಗಳಿ, ಆ ಹುಡುಗನ ಮುಖ, ಆ ಮೌನ, ಆ ಮನೆ ಅಂತೆಲ್ಲಾ ವರ್ಣನೆ ಮಾಡ್ದೆ. ನೋಡಿ ಬಂದು "ಚೆನ್ನಾಗಿತ್ತು, ಆದ್ರೆ ನೀನ್ ಹೇಳಿದಷ್ಟೇನಿಲ್ಲ" ಅಂದ್ರು. ಸಿನಿಮಾದ್ದೇನೂ ತಪ್ಪಿಲ್ಲ, ಅಷ್ಟೂ ಆಶ್ಚರ್ಯನ ನಾನೇ ಮೊದ್ಲೇ ಖರ್ಚು ಮಾಡ್ಬಿಟ್ಟಿದ್ದೆ.

ಹಳೇದು ಬೇಕು ಅಂದ್ರೆ ಘಟಶ್ರಾದ್ಧ. ಇದು ಯಾರೂ ನೋಡ್ದಿರೋ ಸಿನಿಮಾ ಅಂದ್ರೆ ಹಿರಿಯರು ಹೊಡೀತಾರೆ, 1977ರ ಸ್ವರ್ಣಕಮಲ ಬಂದಿರೋದು, ಗಿರೀಶ್ ಕಾಸರವಳ್ಳಿಯವರ ಮೊದಲ ಸಿನಿಮಾ, ಅನಂತಮೂರ್ತಿ ಕಥೆ. ಆದ್ರೆ ಹೆಸ್ರು ಗೊತ್ತಿರೋದು ಬೇರೆ ನೋಡಿರೋದು ಬೇರೆ. ನಮ್ಮ ಐದು ಜನದಲ್ಲಿ ಅಕ್ಕ ಒಬ್ರೇ ನೋಡಿದ್ದು, ಅದೂ ಯಾವುದೋ ಕಾಲದಲ್ಲಿ ಟಿವಿಯಲ್ಲಿ. ಆರ್ಟ್ ಸಿನಿಮಾ ನಿಧಾನ ಅಂತ ನಾನು ತಳ್ಳಿ ಹಾಕ್ತಾ ಬಂದಿದ್ದೆ, 2024ರಲ್ಲಿ ಅದನ್ನ ರಿಸ್ಟೋರ್ ಮಾಡಿ ವೆನಿಸ್ ಫೆಸ್ಟಿವಲಲ್ಲಿ ತೋರಿಸಿದ್ರು ಅಂತ ಗೊತ್ತಾದ್ಮೇಲೆ ನಾಚಿಕೆಗೆ ನೋಡ್ದೆ, ಅದೂ ಸವಕಲು ಪ್ರಿಂಟಲ್ಲಿ. ನಿಧಾನ ಎಲ್ಲಿ ಸ್ವಾಮಿ? ಒಬ್ಬ ಪುಟ್ಟ ಹುಡುಗ ಪಾಠಶಾಲೆಗೆ ಬರ್ತಾನೆ, ಅಲ್ಲಿ ಅವನಿಗೆ ಅಕ್ಕರೆ ತೋರಿಸೋದು ಒಬ್ಬ ವಿಧವೆ, ಅವಳು ಗರ್ಭಿಣಿ ಆಗಿದ್ದಾಳೆ ಅನ್ನೋದು ಊರಿಗೆ ಗೊತ್ತಾಗುತ್ತೆ, ಬದುಕಿರೋಳಿಗೇ ಶ್ರಾದ್ಧ ಮಾಡಿ ಹೊರಗಟ್ತಾರೆ. ಇದೆಲ್ಲವನ್ನೂ ಅರ್ಥ ಆಗ್ದೇ ಇರೋ ವಯಸ್ಸಿನ ಆ ಹುಡುಗ ನೋಡ್ತಾ ಇರ್ತಾನೆ. ಥ್ರಿಲ್ಲರ್ ನೋಡ್ದಂಗೆ ಕೈ ಬಿಗಿ ಹಿಡ್ಕೊಂಡು ನೋಡ್ದೆ. ಅಕ್ಕನಿಗೆ ಫೋನ್ ಮಾಡಿ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಂದ್ರೆ "ಹೇಳಿದ್ದೆ ಕಣೋ, ನೀನು ಆಗ ಫೋನ್ ನೋಡ್ಕೊಂಡು ಹ್ಞಾಂ ಹ್ಞಾಂ ಅಂದೆ" ಅಂದ್ರು.

ಈಗ ಒಂದು ಸಮಸ್ಯೆ ಆಗಿದೆ. ಹದಿನೈದು ದಿನದ ಹಿಂದೆ ಪರವಾಗಿಲ್ಲ ಗಿರಾಕಿ ಗುಂಪಲ್ಲಿ ದಿ ನೈಟ್ ಆಫ್ ದಿ ಹಂಟರ್ ಅಂತ ಹಾಕಿದ್ದಾನೆ, 1955ರ ಬ್ಲ್ಯಾಕ್ ಅಂಡ್ ವೈಟು. ಚಾರ್ಲ್ಸ್ ಲಾಟನ್ ಅನ್ನೋ ನಟ ನಿರ್ದೇಶನ ಮಾಡಿದ ಒಂದೇ ಒಂದು ಸಿನಿಮಾ, ಆಗ ಯಾರೂ ನೋಡ್ಲಿಲ್ಲ, ಆತ ಮತ್ತೆ ಯಾವತ್ತೂ ನಿರ್ದೇಶನಕ್ಕೆ ಕೈ ಹಾಕ್ಲಿಲ್ಲ. ಅದಲ್ಲ ಸಮಸ್ಯೆ. ಅದರ ಕೆಳಗೆ ಅವನು "ಚೆನ್ನಾಗಿದೆ" ಅಂತ ಬರ್ದಿದ್ದಾನೆ. ಇಷ್ಟು ವರ್ಷದಲ್ಲಿ ಕ್ಯಾಮೆರಾಗಲ್ಲ, ಇಡೀ ಸಿನಿಮಾಗೆ ಈ ಪದ ಅವನು ಬಳಸಿದ್ದು ಇದೇ ಮೊದಲು. ಅಕ್ಕ ಗಾಬರಿಯಾಗಿ ಅವನಿಗೆ ಫೋನ್ ಮಾಡಿ ಹುಷಾರಾಗಿದ್ದೀಯೇನೋ ಅಂತ ಕೇಳಿದ್ರು. ಎಡಿಟಿಂಗ್‌ನವ್ನು ಸ್ಕ್ರೀನ್‌ಶಾಟ್ ತೆಗ್ದಿಟ್ಟಿದ್ದಾನೆ. ಫಸ್ಟ್ ಹಾಫ್ ಆಗ್ಲೇ ಅರ್ಧ ನೋಡಿ ಸೂಪರ್ ಅಂದಿದ್ದಾನೆ, ಮಿಕ್ಕಿದ್ದು ನೋಡೋಕೆ ಹೆದರ್ತಿದ್ದಾನೆ. ನಾನು ಎರಡು ಸಲ ಪ್ಲೇ ಒತ್ತಿ, ಟೈಟಲ್ ಬರೋ ಹೊತ್ತಿಗೆ ನಿಲ್ಲಿಸಿ, ಈ ಶನಿವಾರ ಅಂತ ಮುಂದಕ್ಕೆ ಹಾಕಿದೀನಿ.